ತೊಳೆಯದ ಕಲ್ಲು

ಶವಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದವರನ್ನು ವರ್ಲಾ ತಡೆದಳು. ಗಂಡನ ಕಲ್ಲು ಸಿಗುವವರೆಗೆ ಮುಚ್ಚಕೂಡದು ಎಂದಳು.

ಬೆಳಿಗ್ಗೆ ಕಪಾಟಿನಲ್ಲಿದ್ದ ಕಲ್ಲು ಈಗಿಲ್ಲ. ಸ್ಕೂಲ್ ಬಸ್ ಓಡಿಸಿ ಬದುಕಿದ ಲವಾರ್, ರಜೆ ಸಿಕ್ಕಾಗಲೆಲ್ಲ ಯೂಟಾದ ಮರುಭೂಮಿ ಅಗೆದು ಮನೆ ತುಂಬ ಕಲ್ಲು ತಂದಿಟ್ಟಿದ್ದ. ಅವುಗಳಲ್ಲಿ ಅದೊಂದು ಅವನ ಜೀವ. ಹೊರಗೆ ಆಲೂಗಡ್ಡೆಯಂಥ ಒರಟು ಸಿಪ್ಪೆ, ಒಳಗಿನ ಟೊಳ್ಳಿನ ತುಂಬ ಹರಳು; ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತಿತ್ತು. ಸಾಯುವ ಹಿಂದಿನ ದಿನ ಅದರ ಅಂಚು ಉಜ್ಜಿ, ಪುಡಿ ಹಾಗೇ ಇರಲಿ, ನಾಳೆ ನಾನೇ ತೊಳೆಯುತ್ತೇನೆ ಎಂದಿದ್ದ.

ಸಮಾಧಿಯ ಹತ್ತಿರ ಜನ ಬಿಸಿಲಲ್ಲಿ ಕಾಯುತ್ತಿದ್ದಾರೆ ಎಂದು ಬಿಷಪ್ ಮೆಲ್ಲಗೆ ನೆನಪಿಸಿದರು.

"ಒಂದು ಕಲ್ಲಿಗೋಸ್ಕರ ಹೆಣ ಕಾಯಿಸ್ತೀಯಾ ಅತ್ತಿಗೆ? ಜನ ನಗ್ತಾರೆ," ಎಂದ ಮೈದುನ ಥೇಯ್ನ್.

"ನಗಲಿ ಬಿಡು."

ಅವಳ ಸಿಟ್ಟು ನೆತ್ತಿಗೇರಿತ್ತು.

*

ಮದುವೆಯಾದ ಹೊಸತು. ಡಗ್ವೇ ಬೆಟ್ಟದ ಬುಡದಲ್ಲಿ, ಸುಡುವ ಮಧ್ಯಾಹ್ನ, ಆ ಕಲ್ಲಿನ ಉಂಡೆ ಸುತ್ತಿಗೆಯ ಏಟಿಗೆ ಎರಡಾಗಿತ್ತು. ಕತ್ತಲಾಗುವವರೆಗೆ ಕಾಯುವ ತಾಳ್ಮೆ ಲವಾರ್‌ಗೆಲ್ಲಿತ್ತು? ಟ್ರಕ್ಕಿನಲ್ಲಿ ಇಬ್ಬರ ತಲೆಯ ಮೇಲೂ ಕೌದಿ ಎಳೆದು ಆ ದೀಪ ಹಚ್ಚಿದ. ಬೆವರಿದ ಅವನ ಮುಖದ ಮೇಲೆಲ್ಲ ಹಸಿರು ಬೆಳಕು.

"ಅರ್ಧ ನಿಂದು, ಅರ್ಧ ನಂದು. ನಾನು ಹೋದಾಗ ನನ್ನರ್ಧ ನನ್ನ ಜೊತೆ ಹಾಕ್ಬಿಡು ಕಣೇ."

ಅವಳು ನಕ್ಕು ಒಪ್ಪಿದ್ದಳು.

*

ಆ ದೀಪಕ್ಕೆಂದೇ ಲವಾರ್ ಹಾಕಿಸಿದ್ದ ದಪ್ಪ ಪರದೆಗಳನ್ನು ವರ್ಲಾ ಎಳೆದಳು. ದೀಪ ಹಚ್ಚಿ, ಕಲ್ಲು ಮುಟ್ಟಿದವರ ಕೈಗೆ ಅದರ ಪುಡಿ ಅಂಟಿರುತ್ತದೆ, ಎಲ್ಲರೂ ಕೈ ಚಾಚಿ ಎಂದಳು. ಬಿಷಪ್ಪರೇ ಮೊದಲು ಚಾಚಿದರು. ಬಿಳಿ ಅಂಗಿಯ ತೋಳು ಹೊಳೆಯಿತು, ಅಂಗೈ ಕಪ್ಪಗೇ ಉಳಿಯಿತು. ಅವಳ ಅನುಮಾನವೆಲ್ಲ ಇದ್ದದ್ದು ಗಂಡನ ಗೆಳೆಯ ಆರಿನ್ ಮೇಲೆ. ಎಷ್ಟೋ ವರ್ಷದಿಂದ ಆ ಕಲ್ಲಿಗೆ ಕಣ್ಣಿಟ್ಟವನು. ಅವನ ಕೈಯೂ ಶುದ್ಧವಾಗಿತ್ತು.

"ನನ್ನದೂ ನೋಡ್ಬೇಕಾ?" ಎಂದ ಥೇಯ್ನ್.

"ಚಾಚು."

ಉಗುರುಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಹಸಿರು ಹೊಳೆಯಿತು.

ಥೇಯ್ನ್ ಕೋಟಿನೊಳಗಿಂದ ಕಲ್ಲು ತೆಗೆದ. ಇಷ್ಟು ಚೆಂದದ್ದು ಮಣ್ಣುಪಾಲಾಗಬಾರದು ಅಂತ ಎತ್ತಿಕೊಂಡೆ ಎಂದು ಗೊಣಗಿದ.

"ಬೆಳಿಗ್ಗೆಯಿಂದ ಅಣ್ಣಾ ಅಣ್ಣಾ ಅಂತ ಎದೆ ಬಡ್ಕೊಂಡ ಕೈ ಇದೇನಾ?"

ಕಲ್ಲನ್ನು ಕಿತ್ತುಕೊಂಡು, ಅದರ ಪುಡಿಯನ್ನೂ ಒರೆಸದೆ, ವರ್ಲಾ ಗಂಡನ ಕೈಗಳ ಕೆಳಗಿಟ್ಟಳು. ಇನ್ನು ಮುಚ್ಚಿ ಎಂದಳು.

ಹೊರಗೆ ಬಿಸಿಲು ರಾಚುತ್ತಿತ್ತು. ಆ ಬಿಸಿಲಿನಲ್ಲಿ ಹಸಿರು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಪೆಟ್ಟಿಗೆಯ ಮುಂದಿನ ಹಿಡಿಯನ್ನು ತಮ್ಮನಿಗೆಂದು ಬಿಟ್ಟಿದ್ದರು. ಅದನ್ನು ಆರಿನ್ ಹಿಡಿದ. ಥೇಯ್ನ್ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಹಿಂದೆ ನಡೆದ.