ಪಕ್ಕದ ಸೀಟಿನ ಆಣೆ

“ನೀವು ಬಾಜೂಕ ಕುಂತಿರೋತನಕ ನಾ ಸ್ಟೇರಿಂಗ್ ಮುಟ್ಟಂಗಿಲ್ಲ. ನಮ್ಮವ್ವನ ಆಣಿ” ಎಂದು ಪ್ರತಿಮಾ ಗಂಡನಿಗೆ ಹೇಳಿ ಹತ್ತೊಂಬತ್ತು ವರ್ಷವಾಗಿತ್ತು.

ಆಗ ಅವರು ಗದಗ ಬಿಟ್ಟು ಕೊಲ್ಲಿ ದೇಶದ ಸೀಬ್‌ಗೆ ಬಂದ ಹೊಸತು. ಇಲ್ಲಿ ಲೈಸೆನ್ಸ್ ಬೇಕೆಂದರೆ ಮೊದಲು ಡ್ರಮ್ ಟೆಸ್ಟ್. ನಾಲ್ಕು ಡ್ರಮ್ಮುಗಳ ನಡುವೆ, ಒಂದಕ್ಕೂ ತಾಗಿಸದೆ, ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಸುಭಾಸನೇ ಹೆಂಡತಿಗೆ ಕಲಿಸಲು ಹೊರಟಿದ್ದ. ಅವಳು ಒಂದು ಡ್ರಮ್ ಕೆಡವಿದ್ದೇ ತಡ, ಅವನ ಆಫೀಸಿನವರೆಲ್ಲ ನಿಂತು ನೋಡುತ್ತಿದ್ದಂತೆ, “ರೊಟ್ಟಿ ಬಡಿಯೋ ಕೈ ಇದು, ಗೇರಿಗೆ ಬರಂಗಿಲ್ಲ” ಎಂದು ನಕ್ಕಿದ್ದ. ಅಷ್ಟಕ್ಕೇ ಬಿಡದೆ, ಬಿದ್ದ ಡ್ರಮ್ಮನ್ನು ಅವಳ ಕೈಯಿಂದಲೇ ಎತ್ತಿಸಿ ನಿಲ್ಲಿಸಿದ್ದ.

ಆಮೇಲೆ ಶಬ್ನಂ ಎಂಬ ಹೈದರಾಬಾದಿನ ಟೀಚರ್ ಹತ್ತಿರ ಕಲಿತು, ನಾಲ್ಕನೇ ಸಲಕ್ಕೆ ಪ್ರತಿಮಾ ಪಾಸಾದಳು. ಸ್ಕೂಲಿಗೆ, ಸೂಕ್ ಎನ್ನುವ ಇಲ್ಲಿನ ಪೇಟೆಗೆ, ಏರ್‌ಪೋರ್ಟಿಗೆ ಒಬ್ಬಳೇ ಕಾರು ಹೊಡೆದಳು. ಗಂಡ ಹತ್ತಿದರೆ ಮಾತ್ರ ಸ್ಟೇರಿಂಗ್ ಅವನದು. ಮನೆಯವರಿಗೆಲ್ಲ ಅದೊಂದು ತಮಾಷೆಯಾಗಿತ್ತು. ಅವಳಿಗಲ್ಲ.

ಈ ಶುಕ್ರವಾರ ಬೆಳಿಗ್ಗೆ, ಮನೆ ಹಿಂದಿನ ಖಾಲಿ ಬಯಲಿನಲ್ಲಿ, ಸುಭಾಸ ಮಗಳು ಆಶಿತಾಗೆ ಅದೇ ಪಾಠ ಹೇಳುತ್ತಿದ್ದ. ಪ್ರತಿಮಾ ಗಿಡದ ನೆರಳಿನಲ್ಲಿ ಕರಕ್ ಚಹಾ ಹಿಡಿದು ಕೂತಿದ್ದಳು. ಕೂತಿದ್ದಳು ಅನ್ನುವುದಕ್ಕಿಂತ ಕೂರುವುದು, ಏಳುವುದು ಮಾಡುತ್ತಿದ್ದಳು. ಮೂರನೇ ಸಲ ಡ್ರಮ್ ಬಿತ್ತು. ಸುಭಾಸ ಮೊಣಕಾಲು ಹಿಡಿದುಕೊಂಡು ಇಳಿದ, ಡ್ರಮ್ ಎತ್ತಿ ನಿಲ್ಲಿಸಿದ.

“ಇರ್ಲಿ ಬಿಡವ್ವಾ, ಡ್ರಮ್ಮಿಗೇನು ನೋವಾಗತೈತಿ? ಇನ್ನೊಮ್ಮೆ ಬಾ.”

ನಾಲ್ಕನೇ ಸಲ. ಐದನೇ ಸಲ. ಪ್ರತಿ ಸಲವೂ “ಇರ್ಲಿ ಬಿಡವ್ವಾ.” ಚಹಾ ಆರಿ ಕೆನೆಗಟ್ಟಿತು. ಪ್ರತಿಮಾ ಅದನ್ನು ಮಣ್ಣಿಗೆ ಚೆಲ್ಲಿದಳು.

ಆಶಿತಾ ಕಾರಿನಿಂದಿಳಿದು ಬಂದಳು. “ಮಮ್ಮಿ, ನೀನ ಒಮ್ಮೆ ಮಾಡಿ ತೋರ್ಸು, ಪ್ಲೀಸ್. ಪಪ್ಪಾ ಈಸ್ ಟೂ ನೈಸ್, ಐ ಕಾಂಟ್ ಲರ್ನ್.”

ಟೂ ನೈಸ್. ಪ್ರತಿಮಾ ನೇರ ಗಂಡನ ಮುಂದೆ ಹೋಗಿ ನಿಂತಳು.

“ಆವತ್ತು ಎಲ್ಲಿ ಇಟ್ಟಿದ್ರಿ ಈ ಸಮಾಧಾನಾನ?”

ಯಾವತ್ತು ಎಂದು ಅವನು ಕೇಳಲಿಲ್ಲ. ಬೆವರು ಒರೆಸಿಕೊಂಡ. “ಆವಾಗ ಇರ್ಲೇ ಇಲ್ಲ, ಎಲ್ಲಿಡ್ಲಿ? ವಯಸ್ಸಾತು, ಈಗ ಬಂತು. ನಿನ್ನ ಪಾಲಿಗೆ ತಡಾ ಆತು.”

ಅವಳು ಹೋಗಿ ಸ್ಟೇರಿಂಗ್ ಮುಂದೆ ಕೂತಳು. ಆಶಿತಾ ಹಿಂದಿನ ಸೀಟಿಗೆ ಹತ್ತಿದಳು. ಸುಭಾಸ ಪಕ್ಕದ ಬಾಗಿಲ ಹತ್ತಿರವೂ ಬರಲಿಲ್ಲ. ಯಾರೂ ಹೇಳದೆಯೇ ಕುಂಟುತ್ತ ದೂರದ ಡ್ರಮ್ಮಿನ ಹತ್ತಿರ ಹೋಗಿ ನಿಂತ. ಕನ್ನಡಿಯಲ್ಲಿ ಅವನ ಬೋಳುತಲೆ ಮಿರಮಿರ ಮಿಂಚಿತು. ಬಿಸಿಲಿಗೆ ಅಂಗೈ ಅಡ್ಡ ಹಿಡಿದಿದ್ದ. ಇಷ್ಟು ವರ್ಷ ಇವನೂ ಆಣೆಯನ್ನು ಹೀಗೇ ಕಾಪಾಡಿಕೊಂಡು ಬಂದಿದ್ದನೇ? ಅವಳಿಗೆ ಇನ್ನೂ ಸಿಟ್ಟು ಬಂತು. ಆವತ್ತು ಅಷ್ಟು ನೋವಾಗಿತ್ತು ಅನ್ನುವುದಕ್ಕೆ ಆ ಆಣೆಯೊಂದೇ ಗುರುತು. ಅದನ್ನೂ ಬಿಟ್ಟರೆ ಏನೂ ಆಗಿಯೇ ಇರಲಿಲ್ಲವೆಂದಾಗುತ್ತದೆ.

ರಿವರ್ಸ್ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

“ಮಮ್ಮಿ, ವಾಟ್ ಹ್ಯಾಪನ್ಡ್?”

ಪ್ರತಿಮಾ ಕಿಟಕಿಯಿಂದ ತಲೆ ಹೊರಹಾಕಿದಳು. “ರೀ, ಬಂದು ಒಳಗ ಕುಂದ್ರಿ. ಬಿಸಲು ಭಾಳ ಐತಿ.”

ಅವನು ಬಂದ. ಬಾಗಿಲಿಗೆ ಕೈಯಿಟ್ಟು ಅಲ್ಲೇ ನಿಂತ. “ನಿಮ್ಮವ್ವನ ಆಣಿ?”

“ನಮ್ಮವ್ವಗ ನಾ ಹೇಳ್ಕೋತೀನಿ. ನೀವು ಮಾತ್ರ ಬಾಯಿ ತೆಗೀಬ್ಯಾಡ್ರಿ. ಇರ್ಲಿ ಬಿಡು ಅಂತನೂ ಅನಬ್ಯಾಡ್ರಿ.”

ಅವನು ಹತ್ತಿ ಬೆಲ್ಟ್ ಹಾಕಿಕೊಂಡ. ಅವಳು ಕಾರನ್ನು ಹಿಂದಕ್ಕೆ ಬಿಟ್ಟಳು. ಎಡಗಡೆಯ ಡ್ರಮ್ ದಡಲ್ಲೆಂದು ಬಿತ್ತು. ಸುಭಾಸ ಇಳಿದುಹೋಗಿ ಅದನ್ನು ಎತ್ತಿ ನಿಲ್ಲಿಸಿದ, ಬಂದು ಮತ್ತೆ ಅವಳ ಪಕ್ಕದಲ್ಲಿ ಕೂತ.

ಪ್ರತಿಮಾ ಎರಡನೇ ಸಲ ಕಾರನ್ನು ಹಿಂದಕ್ಕೆ ತಂದು ನಾಲ್ಕು ಡ್ರಮ್ಮುಗಳ ನಡುವೆ ನಿಲ್ಲಿಸಿದಳು. ಹತ್ತೊಂಬತ್ತು ವರ್ಷದ ಆಣೆಯನ್ನು ಅವಳು ಮುರಿದಿದ್ದಳು.