ಎಡಗಡೆಯ ಅಳತೆ

ಟೇಲರಕ್ಕನ ಬಾಯಿಂದ ಯಾರ ಮೈಯಳತೆಯೂ ಹೊರಬಿದ್ದದ್ದಿಲ್ಲ. ಆ ನಂಬಿಕೆಯಿಂದಲೇ, ಆಪರೇಷನ್‌ನಲ್ಲಿ ಎಡ ಎದೆ ತೆಗೆಸಿಕೊಂಡ ಲೈಬ್ರರಿ ಮೇಡಂ, ಗಂಡನನ್ನು ಬಿಟ್ಟರೆ ಇವಳೊಬ್ಬಳಿಗೇ ವಿಷಯ ಹೇಳಿದ್ದರು.

"ಮಗಳ ಪರೀಕ್ಷೆ ಮುಗೀಲಿ, ನಾನೇ ಕೂರಿಸ್ಕೊಂಡು ಹೇಳ್ತೀನಿ. ಅಲ್ಲೀತನಕ ಅಂಗಿ ನೋಡಿದ್ರೆ ಗೊತ್ತಾಗ್ಬಾರ್ದು, ತಾಯಿ."

ಟೇಲರಕ್ಕ ಅಂಗಿಯ ಒಳಗೆ ಎಡಕ್ಕೆ ಹತ್ತಿಯ ಪದರ ಕೂರಿಸಿದಳು. ಮೇಜಿನ ಮೇಲೆ ಚೀಟಿ ಬಿದ್ದಿದ್ದರೆ ಬಂದವರೆಲ್ಲ ಓದುತ್ತಾರೆ. ಅದಕ್ಕೇ ಅಳತೆಗಳನ್ನು ಫೋನಿನ ಪುಕ್ಕಟೆ ಆ್ಯಪಿನಲ್ಲಿ ಇಡುತ್ತಿದ್ದಳು. ಫೋನಿಗೆ ಬೀಗವಿತ್ತಲ್ಲ! "ಗಾಯಕ್ಕೆ ಹೊಲಿಗೆ ಒತ್ತುತ್ತಾ?" ಎಂದು ಮೇಡಮ್ಮಿಗೆ ಮೆಸೇಜು ಹಾಕಿ ಕೇಳಿದ್ದೂ ಅದರಲ್ಲೇ.

ಒಂದು ಬೆಳಿಗ್ಗೆ ಮೇಡಂ ಬಂದವರು ಕೂರಲಿಲ್ಲ.

"ಯಾರಿಗೆ ಹೇಳ್ದೆ?"

"ಅಯ್ಯೋ, ಯಾರಿಗೂ ಇಲ್ಲ!"

"ಮಗಳು ನನ್ನ ಫೋನಲ್ಲಿ ಪಾಠ ನೋಡ್ತಿದ್ಲು. ಮಧ್ಯೆ ಜಾಹೀರಾತು. ಎದೆ ತೆಗೆಸಿಕೊಂಡವರಿಗೆ ಒಳಅಂಗಿ, ನಿಮಗಾಗಿಯೇ ಅಂತ. ಸಾಲುಸಾಲು. ಅಮ್ಮಾ, ನಿಂಗೇನಾಗಿದೆ ಅಂದ್ಲು."

ಮೇಡಂ ಹೊರಟುಹೋದ ಮೇಲೆ ಟೇಲರಕ್ಕ ತನ್ನ ಫೋನು ತೆರೆದಳು. ಅಲ್ಲೂ ಅದೇ ಒಳಅಂಗಿಗಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪಕ್ಕದಂಗಡಿಯ ರೇಡಿಯೋ ರಿಪೇರಿ ಮಾವ ಅವಳ ಫೋನು ನೋಡಿ ಕನ್ನಡಕ ಏರಿಸಿದ. "ಪುಕ್ಕಟೆ ಕೊಟ್ಟೋನು ಸುಮ್ನೆ ಕೊಡ್ತಾನೇನೇ? ನೀನು ಬರ್ದಿದ್ದನ್ನೆಲ್ಲ ಜಾಹೀರಾತಿನವ್ರಿಗೆ ಮಾರ್ಕೋತಾನೆ. ಒಪ್ಪಿಗೆ ಅಂತ ಒತ್ತಿದ್ದೀಯಲ್ಲ."

"ಓದ್ದೇ ಒತ್ತಿಬಿಟ್ಟೆ, ಮಾವ."

"ಊರೆಲ್ಲ ಹಂಗೇ ಒತ್ತಿರೋದು. ದಡ್ಡತನದ ಬಹುಮಾನ ನಿಂಗೊಬ್ಳಿಗೇ ಬೇಡ, ಬಿಡು."

ಅವನು ಇಂಟರ್ನೆಟ್ಟೇ ಇಲ್ಲದ ಹಳೆಯ ಕಂಪ್ಯೂಟರೊಂದನ್ನು ಅಳತೆಗಳಿಗೆಂದು ಸಿದ್ಧಮಾಡಿಕೊಟ್ಟ. ಮಾತಿಗೆ ಬೇರೆಯದೇ ಆ್ಯಪು ಹಾಕಿದ; ಅದರಲ್ಲಿ ಕಳಿಸಿದವರು, ಪಡೆದವರು ಬಿಟ್ಟರೆ ಇನ್ನೊಬ್ಬರು ಓದಲಾಗದು. ಟೇಲರಕ್ಕ ಗಿರಾಕಿಗಳನ್ನೆಲ್ಲ ಆ ಹೊಸ ಆ್ಯಪಿಗೆ ಕರೆದಳು. "ಅಲ್ಲಿ ಯಾರೂ ಇಲ್ವಲ್ಲಕ್ಕಾ" ಎಂದು ಮುಕ್ಕಾಲು ಮಂದಿ ಬರಲಿಲ್ಲ. ಆದರೂ ಹಳೆಯ ಆ್ಯಪಿನ ಖಾತೆಯನ್ನು ಅಳಿಸಿದಳು.

"ಅವ್ರ ಕೈಗೆ ಹೋಗಿದ್ದು?"

ಮಾವ ತಂತಿ ಸುತ್ತುತ್ತ, "ಅದು ಹೋಯ್ತು" ಎಂದ.

ಸಂಜೆ ಮೇಡಮ್ಮಿನ ಮಗಳು ಬಂದಳು. ಹೊಸ ಅಂಗಿಯನ್ನು ತಾನೇ ಒಯ್ಯುತ್ತೇನೆಂದಳು. ಟೇಲರಕ್ಕ ಅದನ್ನು ಮಡಿಸುತ್ತ, ಫೋನು ಹೇಗೆ ಬಾಯಿಬಿಟ್ಟಿತೆಂದು, ಈಗ ಏನೆಲ್ಲ ಬದಲಾಯಿಸಿದ್ದೇನೆಂದು ಒಂದೇ ಉಸಿರಿಗೆ ಹೇಳಿದಳು. ಹುಡುಗಿ ಕೇಳಿಸಿಕೊಂಡಳು.

"ಆಂಟಿ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು, ಪುಟ್ಟಾ."

"ನಿಮಗೆ ಗೊತ್ತಿತ್ತು. ಫೋನಿಗೂ ಗೊತ್ತಿತ್ತು." ಅಂಗಿಯನ್ನು ಎದೆಗವಚಿಕೊಂಡು ಹುಡುಗಿ ಮೆಟ್ಟಿಲಿಳಿದಳು. "ಅಮ್ಮ ನಂಗೊಬ್ಳಿಗೇ ಹೇಳಿರ್ಲಿಲ್ಲ."