ಕಾರಣದ ಕಲಂ

"ಉಸಿರು ಬಿಡು. ಇನ್ನೂ. ಪೂರ್ತಿ ಬಿಡು" ಎಂದ ದರ್ಜಿ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ.

"ಪೂರ್ತಿ ಬಿಟ್ರೆ ಪರೀಕ್ಷೆ ನೀನೇ ಬರೀಬೇಕಾಗುತ್ತೆ ಅಪ್ಪ."

ಅವನು ನಗಲಿಲ್ಲ. ಬಾಯಲ್ಲಿ ಸೂಜಿ ಇದ್ದಾಗ ನಗುವ ಅಭ್ಯಾಸ ಅವನಿಗಿರಲಿಲ್ಲ. ಮಗಳು ಹೊಲಿಗೆ ಯಂತ್ರದ ಪಕ್ಕದಲ್ಲಿ ಕೈಗಳನ್ನು ಮೇಲೆತ್ತಿ ನಿಂತಿದ್ದಳು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಬಾಗಿಲು ಇನ್ನೂ ತೆರೆದಿರಲಿಲ್ಲ. ಅವಳ ತಾಯಿ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಹಾಗಾಗಿ ಇಪ್ಪತ್ತೆರಡು ವರ್ಷದ ಮಗಳ ಸೊಂಟದ ಸುತ್ತ ದಾರ ಎಳೆಯುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಬೆರಳುಗಳಲ್ಲೇ ನೋಡುತ್ತ ಹೊಲಿಯುತ್ತಿದ್ದ.

ಅವಳ ಹೊಟ್ಟೆಯ ಬಲಕ್ಕೆ, ಹೊಕ್ಕುಳಿನ ಪಕ್ಕದಲ್ಲಿ, ಚರ್ಮಕ್ಕೆ ಅಂಟಿಸಿದ ಒಂದು ಚೀಲವಿತ್ತು. ಹೋದ ವರ್ಷ ಡಾಕ್ಟರು ಕೆಟ್ಟುಹೋದ ಕರುಳನ್ನು ಕತ್ತರಿಸಿ ತೆಗೆದು, ಉಳಿದದ್ದರ ತುದಿಯನ್ನು ಹೊಟ್ಟೆಗೆ ಮಾಡಿದ ರಂಧ್ರದಿಂದ ಹೊರಗೆ ತಂದಿದ್ದರು. ತಿಂದದ್ದೆಲ್ಲ ಕೊನೆಗೆ ಆ ಚೀಲಕ್ಕೇ ಬಂದು ಸೇರಬೇಕು. ತುಂಬಿದಾಗ ಬಿಚ್ಚಿ ಖಾಲಿ ಮಾಡಬೇಕು. ಮನೆಯಲ್ಲಿ ಅದಕ್ಕೆ ಪಾಪು ಎಂದು ಹೆಸರಿಟ್ಟಿದ್ದರು. ಪಾಪು ಎದ್ದಿದೆಯಾ, ಪಾಪು ಗಲಾಟೆ ಮಾಡ್ತಿದೆಯಾ ಎಂದು ಕೇಳಿದರೆ ಯಾರಿಗೂ ಮುಜುಗರವಾಗುತ್ತಿರಲಿಲ್ಲ.

ವಿಶ್ವವಿದ್ಯಾಲಯದ ನಿಯಮಕ್ಕೆ ಪಾಪುವಿನ ಪರಿಚಯವಿರಲಿಲ್ಲ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಮೇಲೆ ಬೆಲ್ಟು ಬಿಗಿದಿರಬೇಕು. ಗಂಡಿಗೂ ಹೆಣ್ಣಿಗೂ ಒಂದೇ. ಬೆಲ್ಟು ಬಂದು ಕೂರುತ್ತಿದ್ದದ್ದು ಸರಿಯಾಗಿ ಪಾಪುವಿನ ಕತ್ತಿನ ಮೇಲೆ.

ವಿನಾಯಿತಿ ಇರಲಿಲ್ಲವೆಂದಲ್ಲ. ಹೋದ ವಾರ ಡಾಕ್ಟರ ಪತ್ರ ಹಿಡಿದು ಅವಳು ಕಚೇರಿಗೆ ಹೋಗಿದ್ದಳು. ಅಲ್ಲಿನ ಗುಮಾಸ್ತೆ ಕೆಟ್ಟವಳೇನಲ್ಲ. ಕೂರಿಸಿದಳು, ನೀರು ಕೊಟ್ಟಳು. ಆಮೇಲೆ ಉದ್ದನೆಯ ಹಾಳೆಯೊಂದನ್ನು ಮುಂದಿಟ್ಟಳು. ಕ್ರಮಸಂಖ್ಯೆ, ಹೆಸರು, ವಿಭಾಗ, ಕಾರಣ. ಆ ಹಾಳೆಯನ್ನು ಗೇಟಿನ ಪಕ್ಕದ ಫಲಕಕ್ಕೆ ಅಂಟಿಸುತ್ತಾರೆ. ಯಾರನ್ನು ಬಿಡಬೇಕು, ಯಾಕೆ ಬಿಡಬೇಕು ಎಂದು ಕಾವಲಿನವರಿಗೆ ಗೊತ್ತಾಗಬೇಕಲ್ಲ.

"ಕಾರಣ ಖಾಲಿ ಬಿಟ್ರೆ?"

"ಖಾಲಿ ಬಿಟ್ರೆ ಮೇಲಿನವರು ಸಹಿ ಹಾಕಲ್ಲಮ್ಮ."

"ಆರೋಗ್ಯ ಅಂತ ಹಾಕಿ ಮೇಡಂ. ಸುಳ್ಳಲ್ವಲ್ಲ."

"ಹಾಗೆ ಹಾಕಿ ಹೋದ ಸಲ ಬೈಸ್ಕೊಂಡಿದೀನಿ. ಏನು ಖಾಯಿಲೆ, ಎಲ್ಲಿ, ಎಷ್ಟು ದಿನ, ಬಿಡಿಸಿ ಬರೀಬೇಕಂತೆ."

ಫಲಕದ ಮೇಲಿನ ಹಳೆಯ ಪಟ್ಟಿಯನ್ನು ಅವಳೂ ಓದಿದ್ದಳು, ಎಲ್ಲರ ಹಾಗೆ. ಬೂಟು ಹಾಕಲಾಗದೆ 'ಪಾದದಲ್ಲಿ ಹುಣ್ಣು' ಎಂದು ಬರೆಸಿದ್ದವನನ್ನು ಹುಣ್ಣು ವಾಸಿಯಾಗಿ ಎರಡು ವರ್ಷವಾದರೂ ಹುಣ್ಣಪ್ಪ ಎಂದೇ ಕರೆಯುತ್ತಿದ್ದರು. ಅವಳೂ ಕರೆದಿದ್ದಳು. ಪತ್ರವನ್ನು ಮಡಿಸಿಕೊಂಡು ಎದ್ದು ಬಂದಳು.

ಹೋದ ವರ್ಷದ ಪರೀಕ್ಷೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದಿತ್ತು. ಈ ಸಲವೂ ತಪ್ಪಿದರೆ ನೋಂದಣಿಯೇ ರದ್ದು, ನಾಲ್ಕು ವರ್ಷದ ಓದು ನೀರುಪಾಲು. ಉಳಿದಿದ್ದು ಒಂದೇ ಪತ್ರಿಕೆ. ಇವತ್ತು ಒಂಬತ್ತೂವರೆಗೆ.

ದರ್ಜಿ ನಾಲ್ಕು ದಿನ ತಲೆ ಕೆಡಿಸಿಕೊಂಡು ದಾರಿ ಹುಡುಕಿದ್ದ. ಪ್ಯಾಂಟಿನ ಮುಂಭಾಗಕ್ಕೆ ಒಳಗಡೆಯಿಂದ ನೆರಿಗೆ ಕೊಟ್ಟು ಪಾಪುವಿಗೆ ಜಾಗ ಮಾಡಿದ. ಬೆಲ್ಟನ್ನು ಎರಡೂ ಪಕ್ಕದ ಹೊಲಿಗೆಗಳಿಗೆ ಸಿಕ್ಕಿಸಿ, ಮುಂದೆ ಬರೀ ತೋರಿಕೆಗೆ ನಿಲ್ಲಿಸಿದ. ಆದರೆ ಬೆಳಿಗ್ಗೆ ತೊಡಿಸಿ ನೋಡಿದಾಗ, ಕೈ ಎತ್ತಿದ ಕೂಡಲೇ ಅಂಗಿ ಹೊರಗೆ ಬರುತ್ತಿತ್ತು, ಸೊಂಟ ಜೋತುಬೀಳುತ್ತಿತ್ತು. ಆಗಲೇ ಅವನು ಹಿಂದುಗಡೆ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಅಂಗಿಯನ್ನೂ ಪ್ಯಾಂಟನ್ನೂ ಸೇರಿಸಿ, ಮುಂದಿನ ತೆರಪನ್ನೂ ಮುಚ್ಚಿ, ಸುತ್ತಲೂ ಮೈಮೇಲೇ ಹೊಲಿದುಬಿಟ್ಟದ್ದು. ದಾರ ಹಲ್ಲಲ್ಲಿ ಕಡಿದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅವನ ಕಣ್ಣಲ್ಲಿ ಕಸುಬಿನ ಹೆಮ್ಮೆ ಹಣಕಿತು.

"ಹೊಲಿಗೆ ಕಾಣುತ್ತಾ?"

"ಇಲ್ಲ ಅಪ್ಪ. ಬಿಚ್ಚೋದು ಹೇಗೆ?"

ದರ್ಜಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಕಾಲರಿಗೆ ಚುಚ್ಚಿಕೊಂಡ. ಗಡಿಯಾರ ನೋಡಿದ. ಎಂಟು ಹತ್ತು. ಬಿಚ್ಚಿ ಮತ್ತೆ ಹೊಲಿಯಲು ಮುಕ್ಕಾಲು ಗಂಟೆ ಬೇಕು. ಬಸ್ಸಿಗೆ ಅರ್ಧ ಗಂಟೆ.

"ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ ಅಲ್ವಾ ಕಂದ. ಪರೀಕ್ಷೆ ಮುಗಿಯೋ ತನಕ ತಡ್ಕೊಳ್ಳುತ್ತಾ?"

"ಪಾಪುಗೆ ಹೇಳಿಟ್ಟಿದೀನಿ. ಬಾ."

ಖಾಲಿ ಹೊಟ್ಟೆಯಲ್ಲೂ ಕರುಳು ಸುಮ್ಮನಿರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ದರ್ಜಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಅವಳ ಜೊತೆಗೇ ಹೊರಟ. ಕತ್ತಿನಲ್ಲಿದ್ದ ಅಳತೆ ಪಟ್ಟಿ ತೆಗೆಯುವುದನ್ನು ಮರೆತಿದ್ದ.

ಗೇಟಿನ ಹತ್ತಿರ ಸಾಲು ಬೆಳೆದಿತ್ತು. ಕಾವಲುಗೂಡಿನ ಗೋಡೆಗೆ ಫಲಕ. ಅಲ್ಲಿಂದಾಚೆ ಹೊರಗಿನವರಿಗೆ ಪ್ರವೇಶವಿಲ್ಲ. ಕಾವಲಿನ ಹೆಂಗಸನ್ನು ಎಲ್ಲರೂ ಗೇಟಮ್ಮ ಎನ್ನುತ್ತಿದ್ದರು. ಅವಳ ಪಕ್ಕದಲ್ಲಿ ಶಿಸ್ತು ಅಧಿಕಾರಿ ನಿಂತಿದ್ದ. ಅಂಗಿಯಲ್ಲಿ ಒಂದು ಸುಕ್ಕೂ ಇಲ್ಲದ, ಮುಖದಲ್ಲಿ ಸದಾ ಕಾವಿರುವ ಮನುಷ್ಯ. ಹುಡುಗರು ಇಟ್ಟ ಹೆಸರು ಇಸ್ತ್ರಿಪೆಟ್ಟಿಗೆ. ಆಗಲೇ ಹನ್ನೆರಡು ಮಂದಿಯನ್ನು ಪಕ್ಕಕ್ಕೆ ನಿಲ್ಲಿಸಿದ್ದ. ಒಬ್ಬನಿಗೆ ಬೆಲ್ಟಿಲ್ಲ, ಒಬ್ಬಳ ಅಂಗಿ ಹಿಂದುಗಡೆ ಹೊರಗಿದೆ.

ಮಗಳು ಉಸಿರು ಹಿಡಿದು ದಾಟಿದಳು.

"ನಿಲ್ಲಮ್ಮ."

ಅವಳು ನಿಂತಳು. ಇಸ್ತ್ರಿಪೆಟ್ಟಿಗೆ ಅವಳನ್ನು ಮೇಲಿಂದ ಕೆಳಗೆ ನೋಡಿದ, ಸುತ್ತು ಬಂದು ನೋಡಿದ. ಅವನ ಮುಖ ಅರಳಿತು.

"ಎಲ್ರೂ ಇಲ್ಲಿ ನೋಡಿ. ಇದಪ್ಪ ಅಂದ್ರೆ. ಬಾಮ್ಮ, ಈ ಮೆಟ್ಟಿಲ ಮೇಲೆ ನಿಂತ್ಕೊ. ಇವರಿಗೂ ಸ್ವಲ್ಪ ಕಣ್ಣು ತೆರೀಲಿ."

ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿ ಅವನು ಭಾಷಣ ಶುರುಮಾಡಿದ. "ನಾಳೆ ಕೆಲಸ ಕೇಳೋಕೆ ಹೋದಾಗ ನಿಮ್ಮ ಮಾರ್ಕ್ಸು ಆಮೇಲೆ, ಮೊದಲು ನಿಮ್ಮ ಬಟ್ಟೆ ನೋಡ್ತಾರೆ. ನಾನು ಹರಿದ ಅಂಗೀಲಿ ಓದಿದವನು. ಕ್ಲಾಸಲ್ಲಿ ನನ್ನನ್ನ ಏನಂತ ಕರೀತಿದ್ರು ಅಂತ ನನಗೆ ಗೊತ್ತು. ಇಲ್ಲಿ ಮಾಲಿ ಮಗನೂ ಒಂದೇ, ಮಾಲೀಕನ ಮಗನೂ ಒಂದೇ. ಅದಕ್ಕೆ ಈ ನಿಯಮ."

"ಬೆಲ್ಟು ಕಟ್ಟಿದ ಮಾತ್ರಕ್ಕೆ ಮಾಲೀಕ ಆಗ್ತೀವಾ ಸರ್" ಎಂದು ಪಕ್ಕದ ಗುಂಪಿನಿಂದ ಯಾರೋ ಗೊಣಗಿದರು. ನಗು ಎದ್ದಿತು. ಅದರಿಂದ ಭಾಷಣ ಇನ್ನಷ್ಟು ಉದ್ದವಾಯಿತು.

ಒಂಬತ್ತು ಐದು. ಪಾಪು ಎದ್ದಿತು.

ಮೊದಲು ಒಂದು ಗುಳುಗುಳು. ಬೇರೆ ಯಾರಿಗೂ ಕೇಳಿಸದಷ್ಟು. ಆಮೇಲೆ ಬೆಚ್ಚಗಿನ ಭಾರ. ಅಪ್ಪ ಕೊಟ್ಟಿದ್ದ ಜಾಗವನ್ನೆಲ್ಲ ತುಂಬಿಕೊಂಡು ಚೀಲ ಉಬ್ಬತೊಡಗಿತು. ಅಂಟಿನ ಅಂಚು ಚರ್ಮವನ್ನು ಜಗ್ಗುವುದು ಅವಳಿಗೆ ತಿಳಿಯುತ್ತಿತ್ತು. ಒಂದು ಮೂಲೆ ಬಿಟ್ಟರೆ ಸಾಕು, ಈ ಮೆಟ್ಟಿಲ ಮೇಲೆ, ಈ ಬಿಳಿ ಅಂಗಿಯಲ್ಲಿ, ಇಷ್ಟು ಕಣ್ಣುಗಳ ಎದುರಿಗೆ.

"ಸರ್, ನಾನು ಹೋಗ್ಬೇಕು."

"ಐದೇ ನಿಮಿಷ ಇರಮ್ಮ. ಇನ್ನೂ ಟೈಮಿದೆ. ಒಳ್ಳೇದಕ್ಕೇ ನಿಲ್ಸಿರೋದು."

ಒಂಬತ್ತು ಹನ್ನೆರಡು. ಅವಳು ಅಂಗೈಯನ್ನು ಹೊಟ್ಟೆಯ ಬಲಕ್ಕೆ ಒತ್ತಿಹಿಡಿದಳು. ರಸ್ತೆಯ ಆಚೆ ನಿಂತಿದ್ದ ದರ್ಜಿ ಆ ಕೈಯನ್ನು ನೋಡಿದ. ವಾಹನಗಳನ್ನೂ ನೋಡದೆ ದಾಟಿ ಬಂದ.

"ಆಚೆ ಇರಪ್ಪ, ಒಳಗೆ ಬಿಡಂಗಿಲ್ಲ" ಎಂದಳು ಗೇಟಮ್ಮ. ಅವನ ಕೈಯಲ್ಲಿದ್ದದ್ದನ್ನು ನೋಡಿ, "ಕತ್ತರಿ ಬೇರೆ" ಎಂದಳು.

"ನಾನು ಬರಲ್ಲ ತಾಯಿ. ಅವಳೇ ಬರ್ತಾಳೆ."

ಮಗಳು ಮೆಟ್ಟಿಲು ಇಳಿದಿದ್ದಳು. ಹಿಂದಿನಿಂದ ಕರೆದದ್ದು ಕೇಳಿಸಿಯೂ ನಿಲ್ಲದೆ ಬಂದು ಅಪ್ಪನ ಮುಂದೆ ಕೈ ಎತ್ತಿ ನಿಂತಳು, ಬೆಳಿಗ್ಗೆ ನಿಂತ ಹಾಗೆಯೇ. ದರ್ಜಿ ಮಂಡಿಯೂರಿದ. ಈಗ ಮುಖ ತಿರುಗಿಸಲು ಗೋಡೆ ಇರಲಿಲ್ಲ. ಅರ್ಧ ಗಂಟೆ ಕೂತು ಹಾಕಿದ ಹೊಲಿಗೆಯನ್ನು ಸುತ್ತಲೂ ಕತ್ತರಿಸಿದ. ಅಂಗಿ ಸಡಿಲಾಗಿ ಕೆಳಗಿಳಿಯಿತು. ಬೆಲ್ಟು ಅವನ ಕೈಗೇ ಬಂತು.

ಗೇಟಮ್ಮ ಹತ್ತಿರ ಬಂದಳು. ಸೊಂಟದ ಗೊಂಚಲಿನಿಂದ ತನ್ನ ಶೌಚಾಲಯದ ಬೀಗದ ಕೈ ಬಿಚ್ಚಿ ಕೊಟ್ಟಳು. "ಗೂಡಿನ ಹಿಂದೆ. ನೀರಿದೆ."

ಅವಳು ತಿರುಗಿ ಬಂದಾಗ ಒಂಬತ್ತು ಇಪ್ಪತ್ತೊಂದು. ಅಂಗಿ ಹೊರಗೆ ಜೋತಾಡುತ್ತಿತ್ತು. ಅಂಚಿನಲ್ಲಿ ಕತ್ತರಿಸಿದ ದಾರದ ತುಣುಕುಗಳು. ಇಸ್ತ್ರಿಪೆಟ್ಟಿಗೆ ದಾರಿಗೆ ಅಡ್ಡ ನಿಂತಿದ್ದ. ಅವನ ಮುಖದಲ್ಲಿ ಕೋಪಕ್ಕಿಂತ ಮೋಸಹೋದವನ ನೋವಿತ್ತು.

"ಈಗ ತಾನೇ ಅಷ್ಟು ಚೆನ್ನಾಗಿತ್ತಲ್ಲ. ನಿನ್ನನ್ನ ಮಾದರಿ ಅಂತ ನಿಲ್ಸಿದ್ದೆ ನಾನು."

ಅವಳು ಬ್ಯಾಗಿನಿಂದ ಡಾಕ್ಟರ ಪತ್ರ ತೆಗೆದು ಕೊಟ್ಟಳು. ಅವನು ಓದಿದ. ಇನ್ನೊಮ್ಮೆ ಓದಿದ. ದನಿ ತಗ್ಗಿತು.

"ಮೊದಲೇ ಹೇಳ್ಬಾರ್ದಾಗಿತ್ತಾ? ನಾವೇನು ರಾಕ್ಷಸರಾ?"

"ಹಾಗಾದ್ರೆ ಒಳಗೆ ಬಿಡಿ ಸರ್."

"ಬಿಡ್ತೀನಮ್ಮ, ಬಿಡದೆ ಏನು. ಪಟ್ಟೀಲಿ ಹೆಸರಿರಬೇಕು, ಅಷ್ಟೇ. ಇಲ್ಲೇ ಸೇರಿಸಿ ಸಹಿ ಹಾಕ್ತೀನಿ."

"ಕಾರಣ?"

ಅವನು ಅವಳ ಮುಖ ನೋಡಲಿಲ್ಲ. "ಅದು ನನ್ನ ಕೈಲಿಲ್ಲ. ಇವತ್ತು ನಿನಗೊಬ್ಬಳಿಗೆ ಬಿಟ್ರೆ ನಾಳೆ ಎಲ್ರೂ ಖಾಲಿ ಬಿಡ್ತಾರೆ."

ಫಲಕದಿಂದ ಹಾಳೆ ಇಳಿಯಿತು. ಪಕ್ಕಕ್ಕೆ ನಿಲ್ಲಿಸಿದ್ದವರು ಆಗಲೇ ಅಂಗಿ ಒಳಗೆ ಸೇರಿಸಿಕೊಂಡು ಕತ್ತು ಚಾಚಿ ನೋಡುತ್ತಿದ್ದರು. ಹುಣ್ಣಪ್ಪನೂ ಇದ್ದ, ಅವನು ಮಾತ್ರ ನೆಲ ನೋಡುತ್ತಿದ್ದ. ಅವಳು ಪೆನ್ನು ತೆಗೆದುಕೊಂಡಳು. ಏನು, ಎಲ್ಲಿ, ಎಷ್ಟು ದಿನ. ಬಿಡಿಸಿ ಬರೆದಳು. ಹೊಟ್ಟೆಯಲ್ಲಿ ರಂಧ್ರ. ಮಲದ ಚೀಲ. ಬದುಕಿರುವ ತನಕ.

ಅವನು ಸಹಿ ಹಾಕಿದ. ಗೇಟಮ್ಮ ಹಾಳೆಯನ್ನು ಮತ್ತೆ ಫಲಕಕ್ಕೆ ಸಿಕ್ಕಿಸುವಷ್ಟರಲ್ಲಿ ಅವಳು ಓಡುತ್ತಿದ್ದಳು.

ಮೊದಲ ಮಹಡಿಯ ಪರೀಕ್ಷೆಯ ಕೋಣೆಯಲ್ಲಿ ಅವಳ ಜಾಗ ಕಿಟಕಿಯ ಪಕ್ಕದಲ್ಲಿತ್ತು. ಬಾಗಿಲು ಮುಚ್ಚಿತು. ಪ್ರಶ್ನೆಪತ್ರಿಕೆ ಬಂತು. ಮೊದಲ ಪ್ರಶ್ನೆಯನ್ನು ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ನೋಡಬಾರದೆಂದುಕೊಂಡೇ ಕಿಟಕಿಯಾಚೆ ನೋಡಿದಳು.

ಬೇರೆ ತರಗತಿಗಳ ಹುಡುಗರು ಗೇಟಿನಲ್ಲಿ ಬರುತ್ತಲೇ ಇದ್ದರು. ಸುದ್ದಿ ಆಗಲೇ ಹರಡಿರಬೇಕು. ನೇರ ಒಳಗೆ ಹೋಗದೆ ಫಲಕದ ಕಡೆ ತಿರುಗುತ್ತಿದ್ದರು, ತಿರುಗಿದವರು ನಿಲ್ಲುತ್ತಿದ್ದರು. ಫಲಕಕ್ಕೆ ಬೆನ್ನು ಕೊಟ್ಟು ಅವಳ ಅಪ್ಪ ನಿಂತಿದ್ದ. ಕತ್ತಿನಲ್ಲಿ ಅಳತೆ ಪಟ್ಟಿ, ಒಂದು ಕೈಯಲ್ಲಿ ಬೆಲ್ಟು. ಯಾರೋ ಸರಿಯಲು ಹೇಳಿದರು. ಅವನು ಕೇಳಿಸದವನಂತೆ ರಸ್ತೆಯ ಕಡೆ ನೋಡಿದ. ಇಸ್ತ್ರಿಪೆಟ್ಟಿಗೆ ಬಂದು ಏನೋ ಹೇಳಿ, ಸ್ವಲ್ಪ ಹೊತ್ತು ನಿಂತು, ಹೊರಟುಹೋದ.

ಬಿಸಿಲು ಏರುತ್ತಿತ್ತು. ಗೇಟಮ್ಮ ಗೂಡಿನೊಳಗಿನಿಂದ ತನ್ನ ಸ್ಟೂಲನ್ನು ತಂದು ಅವನ ಕಾಲ ಬಳಿ ಇಟ್ಟಳು.

ಅವನು ತಲೆಯಾಡಿಸಿದ. ಕೂತರೆ ಹಾಳೆ ಕಾಣುತ್ತಿತ್ತು.